ಆಯುಷ್ಯ ಬೆಳೆಯಿತು, ಆರೋಗ್ಯ ಬೆಳೆಯಿತೇ?

(ಸ್ವ-ಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಸಾಲಹಳ್ಳಿ ಮತ್ತು ಸುತ್ತಲಿನ ಊರುಗಳ ಸಂಘಗಳಲ್ಲಿ ಉಳಿತಾಯ, ಸಾಲ, ಬಡ್ಡಿ, ಕಂತು ಇವುಗಳ ಲೆಕ್ಕವನ್ನು ನಾವು ಪ್ರತಿ ಸಭೆಯಲ್ಲೂ ಮಾಡುತ್ತೇವೆ. ಒಂದು ರೂಪಾಯಿ ತಪ್ಪಿದರೂ ಪುಸ್ತಕ ಮುಚ್ಚುವುದಿಲ್ಲ. ಈ ಸಲ ಇನ್ನೊಂದು ಲೆಕ್ಕ ಮಾಡೋಣ. ಅದು ನಮ್ಮ ಆಯುಷ್ಯದ ಲೆಕ್ಕ. ನಮ್ಮ ಅಜ್ಜಿಯರಿಗಿಂತ ನಾವು ಎಷ್ಟು ವರ್ಷ ಹೆಚ್ಚು ಬದುಕುತ್ತಿದ್ದೇವೆ? ಆ ವರ್ಷಗಳಲ್ಲಿ ನಮ್ಮ ಮೈಯಾಗ ಶಕ್ತಿ ಐತೇನು? ಇದು ಈ ಪಾಠದ ಪ್ರಶ್ನೆ.

1. ಸರಾಸರಿ ಆಯುಷ್ಯ ಅಂದರೇನು?

ಭಾರತಕ್ಕೆ ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದ ಜನರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು. ಇದನ್ನು ಕೇಳಿದ ಕೂಡಲೇ, "ಹಂಗಾರ ನಮ್ಮ ಮುತ್ಯಾ ಎಂಬತ್ತು ವರ್ಷ ಹ್ಯಾಂಗ ಬದುಕಿದ್ದಾ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಮನೆಯಲ್ಲಿ ಐದು ಮಕ್ಕಳು ಹುಟ್ಟಿದವು. ಎರಡು ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡವು. ಉಳಿದ ಮೂವರು 60 ವರ್ಷ ಬದುಕಿದರು. ಐವರ ಒಟ್ಟು ವರ್ಷ 180. ಐದರಿಂದ ಭಾಗಿಸಿದರೆ ಸರಾಸರಿ 36. ಅಂದರೆ ಸರಾಸರಿ ಕಡಿಮೆ ಇದ್ದದ್ದಕ್ಕೆ ದೊಡ್ಡ ಕಾರಣ ಎಳೆಯ ಮಕ್ಕಳ ಸಾವು. ಹೆರಿಗೆಯಲ್ಲಿ ತಾಯಂದಿರ ಸಾವು ಇನ್ನೊಂದು ಕಾರಣ. ಪ್ಲೇಗು, ಕಾಲರಾ, ಸಿಡುಬು, ಮಲೇರಿಯಾ ಬೇರೆ. ಪ್ಲೇಗು ಬಂದಾಗ ಊರಿಗೆ ಊರೇ ಖಾಲಿಯಾಗಿ ಜನ ಹೊಲದಾಗ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಸಂಗತಿಯನ್ನು ನಮ್ಮ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ.

2. ಆಯುಷ್ಯ ಹೆಚ್ಚಾದದ್ದು ಹೇಗೆ?

ಸರಕಾರದ ಲೆಕ್ಕದ ಪ್ರಕಾರ 2016ರಿಂದ 2020ರ ಅವಧಿಯಲ್ಲಿ ಭಾರತೀಯರ ಸರಾಸರಿ ಆಯುಷ್ಯ 70 ವರ್ಷ. ಗಂಡಸರದು 68.6, ಹೆಂಗಸರದು 71.4. ಸ್ವಾತಂತ್ರ್ಯದ ಕಾಲಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು.

ಇದು ತಾನಾಗಿ ಆದದ್ದಲ್ಲ. ಮಕ್ಕಳಿಗೆ ಚುಚ್ಚುಮದ್ದು ಬಂತು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಲಿಲ್ಲ. ಕುಡಿಯುವ ನೀರು ಮೊದಲಿಗಿಂತ ಸುಧಾರಿಸಿತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಅದು 28ಕ್ಕೆ ಇಳಿಯಿತು. ನಮ್ಮ ಕರ್ನಾಟಕದಲ್ಲಿ 19. ಈ ಕೆಲಸದಲ್ಲಿ ಅಂಗನವಾಡಿ ಕಾರ್ಯಕರ್ತೆಯರ, ಆಶಾ ಕಾರ್ಯಕರ್ತೆಯರ, ನರ್ಸ್‌ಬಾಯಿಯರ ದುಡಿಮೆ ದೊಡ್ಡದು. ಮಗುವನ್ನು ಹೊತ್ತುಕೊಂಡು ಬಿಸಿಲಿನಲ್ಲಿ ನಡೆದು ಚುಚ್ಚುಮದ್ದು ಹಾಕಿಸಿದ ತಾಯಂದಿರ ದುಡಿಮೆಯೂ ಅಷ್ಟೇ ದೊಡ್ಡದು.

3. ಹೆಚ್ಚಾದ ವರ್ಷಗಳಲ್ಲಿ ನಾವು ಹೇಗಿದ್ದೇವೆ?

ಹೆಂಗಸರು ಗಂಡಸರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕುತ್ತಾರೆ ಎಂದು ಕೇಳಿ ಸಂತೋಷವಾಗಬಹುದು. ಆದರೆ ಸಭೆಗಳಲ್ಲಿ ನಾವು ಕೇಳುವ ಮಾತು ಬೇರೆ. "ನಂಗೇನೂ ಆಗಿಲ್ರೀ ಅಕ್ಕಾರ, ಬರೇ ಸುಸ್ತ ಆಕೈತಿ." "ಸೊಂಟ ಹಿಡದೈತಿ." "ತಲಿ ತಿರಗತೈತಿ, ಸುಗ್ಗಿ ಮುಗದ ಮ್ಯಾಲೆ ತೋರಸ್ತೀನಿ." ಈ ಮಾತುಗಳ ಹಿಂದೆ ಇರುವ ಮುಖ್ಯ ಕಾಯಿಲೆಗಳನ್ನು ಒಂದೊಂದಾಗಿ ತಿಳಿಯೋಣ.

ಅ) ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ. ಕರ್ನಾಟಕದಲ್ಲಿ ಸುಮಾರು 48 ಮಂದಿಗೆ. ಹಾಗಾದರೆ ಹದಿನೈದು ಜನರ ಸಂಘದಲ್ಲಿ ಏಳು ಜನ. ದೇಶದ ಗಂಡಸರಲ್ಲಿ ಇದು 100ಕ್ಕೆ 25. ಈ ವ್ಯತ್ಯಾಸ ಏಕೆ? ತಿಂಗಳ ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಹೋಗುತ್ತದೆ. ಇದು ದೇಹದ ಕಾರಣ. ಎಲ್ಲರಿಗೂ ಬಡಿಸಿ, ಬುಟ್ಟಿಯಲ್ಲಿ ಉಳಿದ ರೊಟ್ಟಿ ಚಟ್ನಿ ತಿಂದು ಏಳುವುದು ಮನೆಯ ಕಾರಣ.

ಗರ್ಭಿಣಿಯಲ್ಲದ ಹೆಂಗಸಿಗೆ ರಕ್ತದ ಪ್ರಮಾಣ (ಹಿಮೋಗ್ಲೋಬಿನ್) 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಇರಬೇಕು. ಗರ್ಭಿಣಿಗೆ 7 ಗ್ರಾಂಗಿಂತ ಕಡಿಮೆ ಇದ್ದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಕಬ್ಬಿಣಾಂಶದ ಗುಳಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಅದನ್ನು ನುಂಗಿದಾಗ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಗುಳಿಗೆಯನ್ನು ಚಹಾದ ಜೊತೆ ತೆಗೆದುಕೊಳ್ಳಬೇಡಿ. ಊಟ ಮಾಡಿದ ಕೂಡಲೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ಮಡಿಕೆಕಾಳು, ಹೆಸರುಕಾಳು, ಅಗಸಿ ಹಿಂಡಿ, ರಾಜಗಿರಿ, ಮೆಂತೆ ಪಲ್ಯ, ನುಗ್ಗಿ ತಪ್ಪಲು ಇವೆಲ್ಲ ನಮ್ಮ ಹೊಲ ಹಿತ್ತಲಿನವೇ. ಕಾಳನ್ನು ಮೊಳಕೆ ಬರಿಸಿ, ಮೇಲೆ ಲಿಂಬೆಹಣ್ಣು ಹಿಂಡಿ ತಿಂದರೆ ಗುಣ ಹೆಚ್ಚು. ಮಾಂಸ, ಮೀನು ತಿನ್ನುವವರು ಅದನ್ನು ಗಂಡಸರಿಗೂ ಮಕ್ಕಳಿಗೂ ಹಾಕಿ ಮುಗಿಸದೆ ತಾವೂ ತಿನ್ನಬೇಕು.

ಆ) ರಕ್ತದ ಒತ್ತಡ (ಬಿಪಿ): ಇದು ನೋವು ಕೊಡುವುದಿಲ್ಲ, ಜ್ವರ ಬರಿಸುವುದಿಲ್ಲ. ಒಂದು ದಿನ ಲಕವಾ ಹೊಡೆದಾಗ ಮನೆಯವರಿಗೆ ಗೊತ್ತಾಗುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಚಿಕಿತ್ಸೆ ಬೇಕು. ಗುಳಿಗೆ ತೆಗೆದುಕೊಂಡು ಆರಾಮ ಅನಿಸಿದ ಕೂಡಲೇ ಬಿಡುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಗುಳಿಗೆಯಿಂದಲೇ ಆರಾಮ ಇರುತ್ತದೆ, ಡಾಕ್ಟರರನ್ನು ಕೇಳದೆ ಬಿಡಬಾರದು. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರೊಳಗೇ ಬರಬೇಕು.

ಇ) ಸಕ್ಕರೆ ಕಾಯಿಲೆ: "ಇದು ಸಾವಕಾರ್ರ ಜಡ್ಡು" ಎಂದು ಮೊದಲು ಹೇಳುತ್ತಿದ್ದರು. ಈಗ ಕೂಲಿ ಮಾಡುವವರಿಗೂ ಬರುತ್ತಿದೆ. ದೂರದ ಮೆಕ್ಸಿಕೋ ದೇಶದ ಉದಾಹರಣೆ ನೋಡಿ. ನಮಗೆ ಜೋಳದ ರೊಟ್ಟಿ ಹೇಗೋ ಅಲ್ಲಿಯ ಜನರಿಗೆ ಗೋವಿನಜೋಳದ ರೊಟ್ಟಿ ಹಾಗೆ. ಜೊತೆಗೆ ಅವರೆ ಜಾತಿಯ ಕಾಳು, ಮೆಣಸಿನಕಾಯಿ. ಅಲ್ಲಿ ಸರಾಸರಿ ಆಯುಷ್ಯ ಸುಮಾರು 75 ವರ್ಷ, ನಮಗಿಂತ ಹೆಚ್ಚು. ಆದರೆ ಬಾಟಲಿಯ ಸಿಹಿ ಪಾನೀಯ, ಪ್ಯಾಕೆಟ್ ತಿನಿಸು ಮನೆಮನೆಗೂ ಬಂದವು, ಮೈಬೊಜ್ಜು ಬೆಳೆಯಿತು, ಸಕ್ಕರೆ ಕಾಯಿಲೆ ಅಲ್ಲಿಯ ಸಾವುಗಳ ಮುಖ್ಯ ಕಾರಣಗಳಲ್ಲಿ ಒಂದಾಯಿತು. 2014ರಲ್ಲಿ ಆ ಸರಕಾರ ಸಿಹಿ ಪಾನೀಯಗಳ ಮೇಲೆ ವಿಶೇಷ ತೆರಿಗೆ ಹಾಕಬೇಕಾಯಿತು. ಈಗ ನಮ್ಮೂರಿನ ಕಿರಾಣಿ ಅಂಗಡಿಯ ಮುಂದೆ ತೂಗುಹಾಕಿರುವ ಪ್ಯಾಕೆಟುಗಳನ್ನು ನೆನಪಿಸಿಕೊಳ್ಳಿ. ಜಾತ್ರೆಯಲ್ಲಿ, ಮದುವೆಯಲ್ಲಿ ಬಾಟಲಿ ಕೊಟ್ಟರೇ ಮರ್ಯಾದೆ ಎನ್ನುವಂತಾಗಿದೆ. ಮಜ್ಜಿಗೆ ಕೊಟ್ಟರೆ ಮರ್ಯಾದೆ ಕಡಿಮೆಯಾಗುತ್ತದೆಯೇ?

ಪದೇ ಪದೇ ಮೂತ್ರ, ಬಾಯಾರಿಕೆ, ತೂಕ ಇಳಿಯುವುದು, ಗಾಯ ಮಾಯದಿರುವುದು ಇದರ ಲಕ್ಷಣಗಳು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪ್ರಮಾಣ 126 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಚಿಕಿತ್ಸೆ ಆರಂಭಿಸಬೇಕು.

ಈ) ಹೊಗೆ ಮತ್ತು ತಂಬಾಕು: ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ದಿನಾಲೂ ಕೂತವಳ ಎದೆಗೆ ಹೋಗುವುದು ಹೊಗೆಯೇ. ದಮ್ಮು, ಕೆಮ್ಮು ಇದರಿಂದ ಬರುತ್ತದೆ. ಗ್ಯಾಸ್ ತುಂಬಿಸಲು ಆಗದಿದ್ದಾಗ ಕಿಟಕಿ ತೆರೆದಿಡಿ, ಹೊಗೆ ಹೋಗುವ ದಾರಿ ಮಾಡಿಸಿ. ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವುದು, ಎಲಿಅಡಿಕೆಯ ಜೊತೆ ತಂಬಾಕು ಹಾಕುವುದು ಬಾಯಿಯ ಕ್ಯಾನ್ಸರಿಗೆ ದಾರಿ. ಬಾಯಲ್ಲಿ ಎರಡು ವಾರಕ್ಕಿಂತ ಹೆಚ್ಚು ದಿನ ಮಾಯದ ಹುಣ್ಣು, ಬಿಳಿ ಮಚ್ಚೆ ಇದ್ದರೆ ತಡ ಮಾಡದೆ ತೋರಿಸಿ.

ಉ) ಗರ್ಭಕೋಶದ ತೊಂದರೆ: ಬಿಳಿ ಹೋಗುವುದು, ಹೆಚ್ಚು ರಕ್ತ ಹೋಗುವುದು, ಹೊಟ್ಟೆನೋವು ಇವುಗಳನ್ನು ಹೇಳಲು ನಾಚುತ್ತೇವೆ. ವರ್ಷಗಟ್ಟಲೆ ಮುಚ್ಚಿಟ್ಟು, ಕಡೆಗೆ "ಚೀಲಾ ತಗಸಿಬಿಡ್ರಿ" ಎನ್ನುತ್ತೇವೆ. ಬಿಳಿ ಹೋಗುವುದಕ್ಕೆ ಬಹಳಷ್ಟು ಸಲ ಔಷಧಿಯೇ ಸಾಕು. ಕಲಬುರಗಿ ಜಿಲ್ಲೆಯಲ್ಲಿ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆಸಿಕೊಂಡು ಮೋಸಹೋದ ಬಡ ಮಹಿಳೆಯರು 2017ರಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ನಿಯಮಗಳನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಆದ್ದರಿಂದ ಯಾರಾದರೂ ಆಪರೇಷನ್ ಹೇಳಿದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರರನ್ನು ಕೇಳಿ. ಆದರೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಅದು ಕ್ಯಾನ್ಸರ್ ಇರಬಹುದು. ಬೇಗ ಗೊತ್ತಾದರೆ ವಾಸಿಮಾಡಬಹುದು.

4. ಶುಭಸಂದೇಶದ ಬೆಳಕಿನಲ್ಲಿ

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸಿನ ಕಥೆ ಇದೆ. ಅನೇಕ ವೈದ್ಯರ ಕಡೆ ಹೋಗಿ, ಇದ್ದ ಹಣವನ್ನೆಲ್ಲ ಕಳೆದುಕೊಂಡರೂ ಆಕೆಗೆ ಗುಣವಾಗಲಿಲ್ಲ. ಜನರ ಗದ್ದಲದಲ್ಲಿ ಹಿಂದಿನಿಂದ ಬಂದು ಯೇಸುಸ್ವಾಮಿಯ ಬಟ್ಟೆ ಮುಟ್ಟಿದಳು. ಯೇಸು ಅಲ್ಲಿಯೇ ನಿಂತು ಆಕೆಯನ್ನು ಹುಡುಕಿದರು, ಆಕೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು, ಆಕೆಯನ್ನು ಮಗಳು ಎಂದು ಕರೆದರು. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ ಧರ್ಮದ ಅಕ್ಕತಂಗಿಯರು ಇದ್ದಾರೆ. ಈ ಕಥೆ ಎಲ್ಲರಿಗೂ ಸೇರಿದ್ದು. ಹೆಂಗಸಿನ ಜಡ್ಡು ಮುಚ್ಚಿಡಬೇಕಾದ ಮಾತಲ್ಲ. ಆಕೆಯ ಸಲುವಾಗಿ ನಿಂತು ಕೇಳುವವರು ಬೇಕು. ಅದು ಸಂಘದ ಕೆಲಸ.

5. ಸಂಘ ಏನು ಮಾಡಬಹುದು?

• 30 ವರ್ಷ ದಾಟಿದ ಎಲ್ಲ ಸದಸ್ಯೆಯರು ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ರಕ್ತದ ಪ್ರಮಾಣ ಪರೀಕ್ಷೆ ಮಾಡಿಸಬೇಕು. ಬಾಯಿ, ಸ್ತನ, ಗರ್ಭಕೋಶದ ಕಂಠದ ಕ್ಯಾನ್ಸರ್ ತಪಾಸಣೆ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಒಬ್ಬಳೇ ಹೋಗಲು ಹಿಂಜರಿಕೆ ಇದ್ದರೆ ಸಂಘದವರೆಲ್ಲ ಒಂದೇ ದಿನ ಹೋಗಿರಿ.

• ಗರ್ಭಿಣಿ, ಬಾಣಂತಿ ಸೊಸೆಯನ್ನು ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಕಳಿಸಿ. ಈ ಯೋಜನೆ 2017ರಿಂದ ಇದೆ. "ಮಂದಿ ಏನಂದಾರು" ಎಂದು ಅತ್ತೆಯಂದಿರು ತಡೆಯಬೇಡಿ.

• ಹದಿನೈದು ಜನ ವಾರಕ್ಕೆ 10 ರೂಪಾಯಿ ಬೇರೆ ಇಟ್ಟರೆ ವಾರಕ್ಕೆ 150, ವರ್ಷಕ್ಕೆ 7,800 ರೂಪಾಯಿ ಆರೋಗ್ಯ ನಿಧಿ ಆಗುತ್ತದೆ. ರಾತ್ರೋರಾತ್ರಿ ಗಾಡಿ ಬಾಡಿಗೆಗೆ, ಪರೀಕ್ಷೆಯ ಖರ್ಚಿಗೆ ಬಡ್ಡಿ ವ್ಯವಹಾರದವರ ಮನೆ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ತುರ್ತು ಇದ್ದಾಗ 108ಕ್ಕೆ ಫೋನ್ ಮಾಡಿ.

• ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ, ಅಲ್ಲಿಂದ ಚೀಟಿ ಪಡೆಯುವುದು ಮುಖ್ಯ. ಕಾರ್ಡು ಜಡ್ಡು ಬರುವ ಮೊದಲೇ ಮಾಡಿಸಿಡಿ.

• ಊಟಕ್ಕೆ ಎಲ್ಲರೂ ಕೂಡಿ ಕೂಡ್ರಿ. ಮನೆಯಲ್ಲಿ ಇದೊಂದು ಬದಲಾವಣೆಗೆ ಒಂದು ಪೈಸೆ ಖರ್ಚಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ತಮ್ಮ ರಕ್ತದ ಪ್ರಮಾಣ ಎಷ್ಟು ಎಂದು ಗೊತ್ತಿರುವವರು ಎಷ್ಟು ಜನ?
2. ಕಳೆದ ವರ್ಷ ಸಂಘದಿಂದ ಆಸ್ಪತ್ರೆ ಖರ್ಚಿಗೆ ತೆಗೆದ ಸಾಲ ಎಷ್ಟು? ಅದರಲ್ಲಿ ಹೆಂಗಸರ ಚಿಕಿತ್ಸೆಗೆ ಹೋದದ್ದು ಎಷ್ಟು?
3. ಎಮ್ಮೆಗೆ ಜಡ್ಡಾದರೆ ಅದೇ ದಿನ ಡಾಕ್ಟರರನ್ನು ಕರೆಸುತ್ತೇವೆ. ನಮಗೆ ಜಡ್ಡಾದರೆ ಎಷ್ಟು ದಿನ ಕಾಯುತ್ತೇವೆ? ಏಕೆ?

ಚರ್ಚೆಯಾದ ಮೇಲೆ ಒಂದು ನಿರ್ಣಯವನ್ನಾದರೂ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿರಿ. ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು, ಯಾರು ಯಾರು ಪರೀಕ್ಷೆ ಮಾಡಿಸಿಕೊಂಡು ಬಂದಿರಿ ಎಂದು ಪ್ರತಿನಿಧಿಗಳು ಕೇಳಬೇಕು.