ಬಿಲ್ಲಿಂಗ್ ತಂತ್ರಾಂಶ: ಸಾಧನದ ಆಯ್ಕೆಯಲ್ಲಿ ವರ್ತಕರು ಗಮನಿಸಬೇಕಾದ ಅಂಶಗಳು

ಹೊಸಕೋಟೆಯ ಚಿಲ್ಲರೆ ವರ್ತಕರು ಮಳಿಗೆಗೆಂದು ಪ್ರತ್ಯೇಕ ಬಿಲ್ಲಿಂಗ್ ತಂತ್ರಾಂಶವನ್ನು ಬರೆಯಿಸುವಾಗ, ಅಭಿವೃದ್ಧಿ ಸಾಧನದ ಆಯ್ಕೆಯನ್ನು ಪ್ರೋಗ್ರಾಮರ್ ಒಬ್ಬರಿಗೇ ಬಿಟ್ಟುಕೊಡುವುದು ಉಚಿತವಲ್ಲ. ಬರೆದವರು ಊರು ಬಿಡಬಹುದು. ಮಳಿಗೆಯ ಲೆಕ್ಕ ನಿಲ್ಲುವಂತಿಲ್ಲ.

ಮೊದಲನೆಯದು, ಸಾಧನದ ಆಯುಷ್ಯ. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6 ಸಾಧನಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2008ರಲ್ಲಿಯೂ, ವಿಷುಯಲ್ ಫಾಕ್ಸ್‌ಪ್ರೊಗೆ ನೀಡುತ್ತಿದ್ದ ಬೆಂಬಲ 2015ರಲ್ಲಿಯೂ ಕೊನೆಗೊಂಡಿತು. ಇಂತಹ ಸಾಧನದಲ್ಲಿ ರಚಿತವಾದ ತಂತ್ರಾಂಶ ಒಮ್ಮೆಲೇ ನಿಲ್ಲದು. ತಿದ್ದಬಲ್ಲವರು ಮಾತ್ರ ವಿರಳವಾಗುವರು. ಸಿ ಶಾರ್ಪ್, ಜಾವಾ, ಪೈಥಾನ್ ಬಲ್ಲವರು ಇಂದು ಸಮೀಪದ ಬೆಂಗಳೂರಿನಲ್ಲಿ ಸುಲಭವಾಗಿ ದೊರೆಯುವರು.

ಎರಡನೆಯದು, ತೆರಿಗೆ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್, 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದವು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ದರ ಶೇಕಡಾ 12ರಿಂದ 5ಕ್ಕೂ, 28ರಿಂದ 18ಕ್ಕೂ ಇಳಿಯಿತು. ದರಗಳನ್ನು ಪ್ರೋಗ್ರಾಮಿನೊಳಗೇ ಬರೆದಿದ್ದರೆ ಪ್ರತಿ ಬದಲಾವಣೆಗೂ ಪ್ರೋಗ್ರಾಮರ್ ಬರಬೇಕು. ಜಾರಿಯ ದಿನಾಂಕದೊಡನೆ ಪ್ರತ್ಯೇಕ ಪಟ್ಟಿಯಲ್ಲಿ ಇರಿಸಿದ್ದರೆ ವರ್ತಕರೇ ತಿದ್ದಬಹುದು. ಹಳೆಯ ಬಿಲ್ಲಿನ ಸರಕು ಹಿಂದಿರುಗಿದಾಗ ಹಳೆಯ ದರದಲ್ಲಿಯೇ ಲೆಕ್ಕ ದೊರೆಯುವುದು.

ಮೂರನೆಯದು, ದತ್ತಾಂಶ. ಒಂದೇ ಕೌಂಟರಿನ ಅಂಗಡಿಗೆ, ಇಡೀ ಲೆಕ್ಕವನ್ನು ಒಂದೇ ಕಡತದಲ್ಲಿ ಇರಿಸುವ ಎಸ್‌ಕ್ಯೂಲೈಟ್ ಸಾಕು. ಹಲವು ಕೌಂಟರುಗಳಿದ್ದಲ್ಲಿ ಪೋಸ್ಟ್‌ಗ್ರೆಸ್‌ನಂತಹ ಸರ್ವರ್ ಡಾಟಾಬೇಸ್ ಸೂಕ್ತ. ಇಂಟರ್‌ನೆಟ್ ಕಡಿತಗೊಂಡಾಗಲೂ ಬಿಲ್ ಹೊರಬರಬೇಕು.

ಮುಂಗಡ ನೀಡುವ ಮೊದಲು ತಮ್ಮದೇ ಬಾರ್‌ಕೋಡ್ ಸ್ಕ್ಯಾನರ್, ಪ್ರಿಂಟರ್ ಮತ್ತು ತೂಕದ ಯಂತ್ರದೊಡನೆ ಪ್ರಯೋಗ ಮಾಡಿಸಿ ನೋಡುವುದು ಒಳಿತು. ಸೋರ್ಸ್ ಕೋಡ್ ಹಾಗೂ ಡಾಟಾಬೇಸ್‌ನ ಪಾಸ್‌ವರ್ಡ್ ಮಾಲೀಕರಿಗೆ ಸೇರತಕ್ಕದ್ದೆಂದು ಕರಾರುಪತ್ರದಲ್ಲಿ ನಮೂದಿಸಿರಬೇಕು.