ರೋಗಿಗೊಂದು ಬಟ್ಟಲು ಹೆಸರುಕಟ್ಟು

ಜ್ವರ ಇಳಿದ ಮಾತ್ರಕ್ಕೆ ರೋಗಿ ಪೂರ್ಣ ಗುಣಮುಖನಾದನೆಂದು ತಿಳಿಯಲಾಗದು. ಮೈಯ ತಾಪ ತಗ್ಗಿದರೂ ಜಠರಾಗ್ನಿ ಇನ್ನೂ ಮಂದವಾಗಿಯೇ ಇರುತ್ತದೆ. ಕಿಡಿ ಮಾತ್ರ ಉಳಿದ ಒಲೆಗೆ ದಪ್ಪ ಕೊರಡನ್ನು ಹೇರಿದರೆ ಕಿಡಿಯೂ ಆರುತ್ತದೆ. ಒಣಹುಲ್ಲು, ಬೆರಣಿಯ ಚೂರುಗಳನ್ನು ಕೊಟ್ಟರೆ ಮೆಲ್ಲನೆ ಹೊತ್ತಿಕೊಳ್ಳುತ್ತದೆ. ಚರಕಸಂಹಿತೆಯ ಸಿದ್ಧಿಸ್ಥಾನವು ಶೋಧನ ಚಿಕಿತ್ಸೆಯ ಅನಂತರದ ಆಹಾರಕ್ರಮವನ್ನು ಇಂತಹುದೇ ಹೋಲಿಕೆಯಿಂದ ವಿವರಿಸುತ್ತದೆ. ಮೊದಲು ಪೇಯ ಎಂಬ ತೆಳುಗಂಜಿ, ಬಳಿಕ ವಿಲೇಪಿ ಎಂಬ ಗಟ್ಟಿಗಂಜಿ, ತರುವಾಯ ಯೂಷ, ಅಂದರೆ ಬೇಳೆಯ ಕಟ್ಟು. ಇದಕ್ಕೆ ಸಂಸರ್ಜನಕ್ರಮವೆಂದು ಹೆಸರು. ಜ್ವರದಿಂದ ಚೇತರಿಸಿಕೊಳ್ಳುವವರಿಗೂ ಇದೇ ತತ್ತ್ವ ದಾರಿದೀಪ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ದೀರ್ಘಕಾಲದ ಜ್ವರದಿಂದೆದ್ದ ಬಾಲಕನೊಬ್ಬನಿಗೆ ತಾಯಿ ಮೂರನೆಯ ದಿನವೇ ಹೋಳಿಗೆ, ತುಪ್ಪ ಬಡಿಸಿದರು. ರಾತ್ರಿ ವಾಂತಿ, ಹೊಟ್ಟೆನೋವು ಆರಂಭವಾದವು. "ನನ್ನ ಕೈಯಾರೆ ಉಣಿಸಿ ಮಗುವನ್ನು ಹೀಗೆ ಮಾಡಿದೆ" ಎಂದು ಆ ತಾಯಿ ಕಣ್ಣೀರಿಟ್ಟರು. ತಪ್ಪು ಆಕೆಯದಾಗಿರಲಿಲ್ಲ, ಚೀಟಿಯಲ್ಲಿ "ಲಘು ಆಹಾರ" ಎಂಬ ಎರಡೇ ಪದ ಬರೆದು ಕಳುಹಿಸಿದ ನನ್ನದಾಗಿತ್ತು. ಬಾಲಕ ಚೇತರಿಸಿಕೊಂಡನು. ಅಂದಿನಿಂದ ಮನೆಯವರನ್ನು ಕುಳ್ಳಿರಿಸಿಕೊಂಡು ಪಥ್ಯ ಮಾಡುವ ಬಗೆಯನ್ನೂ ಹೇಳುತ್ತ ಬಂದಿದ್ದೇನೆ.

ಬೇಳೆಕಾಳುಗಳಲ್ಲಿ ಹೆಸರೇ ಶ್ರೇಷ್ಠವೆಂದು ಚರಕರ ಮತ. ಅದು ಜೀರ್ಣಕ್ಕೆ ಹಗುರ. 50 ಗ್ರಾಂ ಹೆಸರುಬೇಳೆಯನ್ನು ತೊಳೆದು, 800 ಮಿಲಿಲೀಟರ್ ನೀರಿನಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿರಿ. ಮೇಲೆ ಬರುವ ನೊರೆಯನ್ನು ತೆಗೆಯಿರಿ. ಬೇಳೆ ಪೂರ್ತಿ ಕರಗಿ, ನೀರು ಅರ್ಧಕ್ಕೆ ಇಳಿದ ಮೇಲೆ ಕಡೆದು ಸೋಸಿರಿ. ಉಪ್ಪು, ಜಿಡ್ಡು, ಖಾರ ಬೆರೆಸದ ಈ ಕಟ್ಟು ಅಕೃತಯೂಷ. ಮೊದಲು ಕೊಡಬೇಕಾದುದು ಇದನ್ನೇ. ಹಸಿವೆ ಚಿಗುರಿದ ಬಳಿಕ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ, ಚಿಟಿಕೆ ಶುಂಠಿ, ಮೆಣಸಿನ ಪುಡಿ, ಸೈಂಧವ ಲವಣ ಸೇರಿಸಿದರೆ ಅದೇ ಕೃತಯೂಷ. ಹೋಳಿಗೆಯ ದಿನದ ಕಡಲೆಬೇಳೆಯ ಕಟ್ಟಿನ ಸಾರು ರುಚಿಕರವಾದರೂ ರೋಗಿಗೆ ಸಲ್ಲದು; ಕಡಲೆ ವಾತಕರ, ಮಸಾಲೆ ತೀಕ್ಷ್ಣ.

ಪ್ರತಿ ಸಲವೂ ಹೊಸದಾಗಿ ಮಾಡಿ, ಬೆಚ್ಚಗಿರುವಾಗಲೇ ಕೊಡಿರಿ. ಒಮ್ಮೆಗೆ ಅರ್ಧ ಬಟ್ಟಲು ಸಾಕು. ರೋಗಿಯನ್ನು ಒರಗಿಸಿ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿರಿ. ಮುಂದಿನ ಬಟ್ಟಲಿಗೆ ಮುನ್ನ "ಹಸಿವಾಯಿತೇ? ತೇಗು ಶುದ್ಧವಾಗಿದೆಯೇ?" ಎಂದು ಕೇಳಿರಿ. ಹೊಟ್ಟೆ ಭಾರವೆಂದರೆ ಒತ್ತಾಯಿಸಬೇಡಿರಿ. ವಾತ್ಸಲ್ಯವೆಂದರೆ ಹೆಚ್ಚು ಬಡಿಸುವುದಲ್ಲ. ರೋಗಿಯ ಅಗ್ನಿಯನ್ನು ಅರಿತು ಬಡಿಸುವುದು. ಬಡಿಸುವ ಕೈಯನ್ನು ತಡೆದು ನಿಲ್ಲಿಸುವುದೂ ಪ್ರೀತಿಯೇ.

ಒಂದು ಎಚ್ಚರಿಕೆ. ಕಟ್ಟು ಪಥ್ಯವೇ ಹೊರತು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಕೂಡದು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದ ನೀರು, ಉಪ್ಪಿಗೆ ಮಿತಿಯಿರುವವರು ತಮ್ಮ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಜ್ವರ ಮರುಕಳಿಸಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದು ಅನೇಕ ಹಿರಿಯರು ಒಂಟಿಯಾಗಿ ಬಾಳುತ್ತಿದ್ದಾರೆ. ಅವರ ಕೈಯಲ್ಲಿ ಪಥ್ಯದ ಚೀಟಿಯಿದೆ, ಬೇಯಿಸುವವರಿಲ್ಲ. ಮಠದ ದಾಸೋಹದಲ್ಲಿ ಉಂಡು ತೃಪ್ತರಾದ ನಾವು, ನೆರೆಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಒಂದು ಬಟ್ಟಲು ಬಿಸಿ ಕಟ್ಟನ್ನು ಒಯ್ದು ಕೊಡೋಣ. ಅವರು ಕುಡಿದು ಮುಗಿಸುವವರೆಗೆ ಬಳಿಯಲ್ಲಿ ಕುಳಿತಿರೋಣ. ಅದೂ ದಾಸೋಹವೇ.