ಖಾಲಿ ಟ್ಯಾಂಕರ್ ಮತ್ತು ನನ್ನ ತಪ್ಪು ಉತ್ತರ

ಬೋಧನಾಭ್ಯಾಸದ ಮೂರನೇ ವಾರ ಎಂಟನೇ ತರಗತಿಗೆ ‘ದಹನ ಮತ್ತು ಜ್ವಾಲೆ’ ಘಟಕ ತೆಗೆದುಕೊಂಡಿದ್ದೆ. ಶಾಲೆ ಹೆದ್ದಾರಿಯ ಪಕ್ಕದಲ್ಲೇ ಇದ್ದುದರಿಂದ ವಿಸ್ತರಣೆ ಹಂತಕ್ಕೆ ಪೆಟ್ರೋಲ್ ಟ್ಯಾಂಕರನ್ನೇ ಆರಿಸಿಕೊಂಡೆ. ಅದರ ಹಿಂಬದಿಯ ಫಲಕವನ್ನು ರಟ್ಟಿನ ಮೇಲೆ ಬರೆದು ಒಯ್ದಿದ್ದೆ: ಮೇಲೆ ‘3 ವೈ ಇ’, ಕೆಳಗೆ ‘1203’, ಪಕ್ಕದಲ್ಲಿ ಕೆಂಪು ವಜ್ರಾಕೃತಿಯೊಳಗೆ ಜ್ವಾಲೆಯ ಚಿತ್ರ. 1203 ಪೆಟ್ರೋಲಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಸಂಖ್ಯೆ. 3 ಎಂದರೆ ಬೆಂಕಿಗೆ ನೊರೆ ಬಳಸಿ. ಇ ಎಂದರೆ ಸುತ್ತಲಿನ ಜನರನ್ನು ತೆರವುಗೊಳಿಸುವುದನ್ನು ಯೋಚಿಸಿ. ಮಕ್ಕಳು ಒಗಟು ಬಿಡಿಸಿದ ಹಾಗೆ ಬಿಡಿಸಿದರು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ಆದ್ದರಿಂದ ನೀರು ಸುರಿದರೆ ಬೆಂಕಿ ಹರಡುತ್ತದೆ ಎಂದು ಅವರೇ ಹೇಳಿದರು.

ಗಂಟೆಗೆ ಎರಡು ನಿಮಿಷವಿದ್ದಾಗ ಕೊನೆಯ ಬೆಂಚಿನ ಹುಡುಗ ಎದ್ದ. “ಮಿಸ್, ಖಾಲಿ ಟ್ಯಾಂಕರ್ ಆದ್ರೆ ಏನೂ ಆಗಲ್ಲ ಅಲ್ವಾ?”

“ಹೌದು, ಉರಿಯೋಕೆ ಏನೂ ಇಲ್ವಲ್ಲ” ಎಂದುಬಿಟ್ಟೆ. ಅವನ ಮಾವ ಹಳೇ ಪೆಟ್ರೋಲ್ ಡ್ರಮ್ಮುಗಳಿಗೆ ವೆಲ್ಡಿಂಗ್ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾದಷ್ಟಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅದಕ್ಕಿಂತ ದಟ್ಟ. ಖಾಲಿ ಮಾಡಿದಾಗ ಗಾಳಿ ಒಳನುಗ್ಗಿ, ಉಳಿದ ಆವಿಯೊಂದಿಗೆ ಬೆರೆತು ಸರಿಯಾಗಿ ಆ ಅಪಾಯದ ಮಟ್ಟಕ್ಕೆ ಬರಬಹುದು. ಆವಿ ಗಾಳಿಗಿಂತ ಭಾರ. ಮುಚ್ಚಳ ತೆರೆದಿಟ್ಟ ಮಾತ್ರಕ್ಕೆ ಹೊರಟುಹೋಗದು. ಒಳಗೆಲ್ಲ ತೊಳೆದು ಆವಿ ಹೊರಹಾಕುವವರೆಗೆ ಖಾಲಿ ಟ್ಯಾಂಕರೂ ತುಂಬಿದ ಟ್ಯಾಂಕರೇ. ಇದನ್ನೆಲ್ಲ ಬಿಎಸ್ಸಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಪೆಟ್ರೋಲ್ ತಂದು ತೋರಿಸುವ ಯೋಚನೆಯನ್ನು ಮಾರ್ಗದರ್ಶಕ ಶಿಕ್ಷಕರು ಕೂಡಲೇ ತಡೆದರು. ಮರುದಿನ ಮುಗಿದುಹೋದ ಅತ್ತರಿನ ಶೀಶೆಯೊಂದನ್ನು ಬೆಂಚಿನಿಂದ ಬೆಂಚಿಗೆ ಕೊಟ್ಟೆ. “ಖಾಲಿಯಾ?” “ಖಾಲಿ ಮಿಸ್.” “ಹಾಗಾದ್ರೆ ವಾಸನೆ ಯಾವುದ್ದು?” ತರಗತಿ ಸುಮ್ಮನಾಯಿತು. ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರ ಎದುರು ಹಾಗೆ ಹೇಳುವುದು ಸುಲಭವಿರಲಿಲ್ಲ.

ಎರಡು ದಿನ ಬಿಟ್ಟು ಹುಡುಗ ಬಂದ. “ಮಾವಂಗೆ ಗೊತ್ತಂತೆ ಮಿಸ್. ಡ್ರಮ್ಮಿಗೆ ನೀರು ತುಂಬಿಸಿಕೊಂಡು ವೆಲ್ಡಿಂಗ್ ಮಾಡ್ತಾರಂತೆ.”

“ಪ್ರತಿ ಸಲಾನೂ?”

“ಕೇಳ್ತೀನಿ” ಎಂದ. ಆ ಘಟಕದ ಪಾಠ ಯೋಜನೆಯಲ್ಲಿ ಈಗ ಶೀಶೆಯೇ ಮೊದಲ ಚಟುವಟಿಕೆ.